ಹಿರಿಯರ ಮನೆ ಮತ್ತು ವಿದ್ಯುತ್ತಿನ ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯಲ್ಲೇ ಇದ್ದಾರೆ. ನಾನು ಸಿವಿಲ್ ಇಂಜಿನಿಯರ್. ಮನೆ ಕಟ್ಟುವುದು, ಕಟ್ಟಿದ್ದನ್ನು ಕೆಡವುವುದು ನನ್ನ ಹೊಟ್ಟೆಪಾಡು. ಆದುದರಿಂದ ಇಂದು ಒಂದು ಮನೆಯ ಕತೆಯನ್ನೇ ಹೇಳುತ್ತೇನೆ. ಅದು ನಮ್ಮ ಮನೆಯದೇ ಕತೆ. ಅದರಲ್ಲಿ ನಾನು ಮಾಡಿದ ಎರಡು ತಪ್ಪುಗಳೂ ಇವೆ. ಓದಿದವನು ತಪ್ಪು ಮಾಡಿದರೆ ಅದರ ಫಲವನ್ನು ಓದದ ಮನೆಯವರು ಉಣ್ಣಬೇಕಾಗುತ್ತದೆ ಎಂಬುದು ನಿಮಗೆ ತಿಳಿಯಲಿ ಎಂದೇ ಇದನ್ನು ಆರಿಸಿಕೊಂಡೆ.

ನಮ್ಮದು ಕರಾವಳಿಯ ಹಳೆಯ ಮನೆ. ಮುರಕಲ್ಲಿನ ಗೋಡೆ, ಪಕ್ಕಾಸು ರೀಪಿನ ಮೇಲೆ ಮಂಗಳೂರು ಹಂಚು, ಒಳಗೆ ಮರದ ಮುಚ್ಚಿಗೆ, ಮುಂದೆ ಜಗಲಿ. ಬಾಪ ಅದನ್ನು ಕಟ್ಟಿಸಿದ್ದು ನಾನು ಹುಟ್ಟುವ ಮೊದಲು. 1996ರಲ್ಲಿ ಅಣ್ಣ ಗಲ್ಫಿನಿಂದ ಹಣ ಕಳುಹಿಸಿದರು. ನಾನಾಗ ಹೊಸದಾಗಿ ಪದವಿ ಪಡೆದು ಬಂದಿದ್ದೆ. ಊರಿನಲ್ಲಿ ತಾರಸಿ ಮನೆ ಇದ್ದವರಿಗೆ ಒಂದು ಗೌರವ, ಹಂಚಿನ ಮನೆಯವರಿಗೆ ಇನ್ನೊಂದು. ನಾನೇ ಮುಂದೆ ನಿಂತು ಮನೆಯ ಪಡುವಣ ಭಾಗದ ಮಾಡನ್ನು ಇಳಿಸಿ, ಸುಮಾರು 600 ಚದರ ಅಡಿಯಷ್ಟು ಆರ್‌ಸಿಸಿ ತಾರಸಿ ಹಾಕಿಸಿದೆ. ಎರಡು ಕೋಣೆಗಳಾದವು. ಒಳ್ಳೆಯ ಕೋಣೆ ಎಂದು ಅದರಲ್ಲೊಂದನ್ನು ಉಮ್ಮನಿಗೆ ಕೊಟ್ಟೆವು.

ಆ ಬೇಸಿಗೆಯಿಂದಲೇ ಉಮ್ಮನಿಗೆ ನಿದ್ದೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಎದ್ದು ಚಾಪೆ ಎತ್ತಿಕೊಂಡು ಚಾವಡಿಗೆ ಬರುತ್ತಿದ್ದರು. ಕೈಯಲ್ಲಿ ಅಡಕೆ ಹಾಳೆಯ ಬೀಸಣಿಗೆ. ಕೇಳಿದರೆ, "ಅಲ್ಲಿ ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಬರುತ್ತದೆ ಮಗಾ" ಎನ್ನುತ್ತಿದ್ದರು. ವಯಸ್ಸಾದವರ ಮಾತು ಎಂದು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅದು ನನ್ನ ಮೊದಲ ತಪ್ಪು.

2021ರಲ್ಲಿ ಅಣ್ಣ ಊರಿಗೆ ಬಂದಾಗ ಮನೆಯವರೆಲ್ಲ ಕುಳಿತು ಮಾತನಾಡಿದೆವು. ಅಣ್ಣನ ಅಭಿಪ್ರಾಯ, ಹಳೆಯ ಮನೆಯನ್ನು ಪೂರ್ತಿ ಕೆಡವಿ ಹೊಸದು ಕಟ್ಟೋಣ ಎಂದು. ತಮ್ಮನ ಅಭಿಪ್ರಾಯ, ಇನ್ನೂ ನಾಲ್ಕು ಎ.ಸಿ. ಹಾಕಿಸಿದರೆ ಸಾಕು ಎಂದು. ಅವನ ಕೋಣೆಯಲ್ಲಿ ಆಗಲೇ ಒಂದಿತ್ತು. ತಂಗಿ ಮಾತ್ರ, "ಉಮ್ಮ ಇರುವ ತನಕ ಮನೆ ಮುರಿಯುವ ಮಾತು ಬೇಡ. ಈ ಮನೆಯಲ್ಲಿ ನನ್ನ ಪಾಲೂ ಇದೆ" ಎಂದಳು. ನಾನು ಒಂದು ವರ್ಷದ ಗಡುವು ಕೇಳಿದೆ. ಮೊದಲು ಈ ಮನೆಗೆ ಏನು ಕಾಯಿಲೆ ಎಂದು ತಿಳಿಯೋಣ, ಆಮೇಲೆ ಔಷಧ ಎಂದೆ. ಎಲ್ಲರೂ ಒಪ್ಪಿದರು.

ಮನೆಯನ್ನು ಒಂದಾಗಿ ನೋಡುವುದು

ನಾವು ಸಾಮಾನ್ಯವಾಗಿ ವಿದ್ಯುತ್ ಉಳಿಸುವುದೆಂದರೆ ಒಂದು ಬಲ್ಬು ಬದಲಿಸುವುದು, ಸ್ವಿಚ್ ಆರಿಸುವುದು ಎಂದು ತಿಳಿದಿದ್ದೇವೆ. ಅದು ಒಳ್ಳೆಯದೇ. ಆದರೆ ಕೆಲವು ದೇಶಗಳಲ್ಲಿ ಇದಕ್ಕಿಂತ ಆಳವಾದ ಕೆಲಸ ನಡೆದಿದೆ. ಜರ್ಮನಿಯ ಡಾರ್ಮ್‌ಸ್ಟಾಟ್ ಎಂಬ ನಗರದಲ್ಲಿ 1991ರಲ್ಲಿ ನಾಲ್ಕು ಕುಟುಂಬಗಳ ಒಂದು ಮನೆಸಾಲು ವಾಸಕ್ಕೆ ಸಿದ್ಧವಾಯಿತು. ಇದೇ ಮುಂದೆ 'ಪಾಸಿವ್‌ಹೌಸ್' ಎಂದು ಪ್ರಸಿದ್ಧವಾದ ಪದ್ಧತಿಯ ಮೊದಲ ಮನೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ವರ್ಷಕ್ಕೆ ಒಂದು ಚದರ ಮೀಟರಿಗೆ 15 ಯೂನಿಟ್‌ಗಿಂತ ಹೆಚ್ಚು ಶಕ್ತಿ ಬೇಕಾಗಬಾರದು ಎಂಬುದು ಅದರ ಅಳತೆ. ಹಳೆಯ ಮನೆಗಳನ್ನು ದುರಸ್ತಿ ಮಾಡುವವರಿಗೆ ತುಸು ಸಡಿಲವಾದ ಇನ್ನೊಂದು ಅಳತೆಯೂ ಬಂತು.

ಅವರು ಮಾಡಿದ್ದೇನು? ದೊಡ್ಡ ಯಂತ್ರ ತರಲಿಲ್ಲ. ದಪ್ಪ ಗೋಡೆ, ಬಿಗಿಯಾದ ಕಿಟಕಿ, ಸಂದಿಲ್ಲದ ಛಾವಣಿ ಮಾಡಿ, ಯಂತ್ರದ ಅಗತ್ಯವನ್ನೇ ಇಳಿಸಿದರು. ಮೊದಲು ಬೇಡಿಕೆ ಕಡಿಮೆ ಮಾಡು, ನಂತರ ಉಳಿದ ಸ್ವಲ್ಪ ಬೇಡಿಕೆಗೆ ತಕ್ಕ ಸಣ್ಣ ಯಂತ್ರ ಹಾಕು, ಕೊನೆಗೆ ಶಕ್ತಿ ಉತ್ಪಾದನೆಯ ಮಾತು. ಈ ಕ್ರಮವನ್ನು ನಾವು ಕಲಿಯಬೇಕು. ಆದರೆ ಅವರು ಮಾಡಿದ್ದನ್ನು ಹಾಗೆಯೇ ನಕಲು ಮಾಡಬಾರದು. ಅವರ ಶತ್ರು ಚಳಿ, ನಮ್ಮದು ಬಿಸಿಲು ಮತ್ತು ತೇವ. ಅವರು ಗಾಳಿಯ ಸಂದು ಮುಚ್ಚಿದರು, ನಾವು ಗಾಳಿಗೆ ದಾರಿ ತೆರೆಯಬೇಕು. ಈ ವ್ಯತ್ಯಾಸ ಮರೆತಾಗ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲ ಕೆಲಸ: ಲೆಕ್ಕ

ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳಿಗೆ ಒಂದು ನೋಟ್‌ಪುಸ್ತಕ ಕೊಟ್ಟು, ದಿನಾ ಬೆಳಿಗ್ಗೆ 7 ಗಂಟೆಗೆ ಮೀಟರ್ ನೋಡಿ ಅಂಕಿ ಬರೆಯಲು ಹೇಳಿದೆ. ಪಕ್ಕದಲ್ಲಿ ಅಂದು ಮಳೆಯೇ, ಬಿಸಿಲೇ, ಮನೆಗೆ ನೆಂಟರು ಬಂದಿದ್ದರೇ ಎಂದು ಒಂದು ಮಾತು. ಆರು ತಿಂಗಳಲ್ಲಿ ಆ ಪುಸ್ತಕ ನನಗೆ ಪಾಠ ಕಲಿಸಿತು. ಏಪ್ರಿಲ್ ತಿಂಗಳಲ್ಲಿ ನಮ್ಮ ಬಳಕೆ 386 ಯೂನಿಟ್. ಮಳೆಗಾಲದಲ್ಲಿ ಅದು ಬಹಳ ಇಳಿಯುತ್ತಿತ್ತು. ಅಂದರೆ ನಾವು ದುಡ್ಡು ಕೊಡುತ್ತಿದ್ದುದು ಮುಖ್ಯವಾಗಿ ಸೆಕೆಗೆ.

ಇನ್ನೊಂದು ವಿಚಿತ್ರ ಗೊತ್ತಾಯಿತು. ಮನೆಯವರೆಲ್ಲ ಮದುವೆಗೆ ಹೋಗಿ ಮನೆ ಖಾಲಿ ಇದ್ದ ದಿನವೂ ಮೂರು ಯೂನಿಟ್ ಓಡಿತ್ತು. ಹುಡುಕಿದಾಗ ಹಳೆಯ ಫ್ರಿಜ್ ಸಿಕ್ಕಿತು. ಬಾಗಿಲಿನ ರಬ್ಬರು ಸಡಿಲವಾಗಿ ಅದು ಹಗಲು ರಾತ್ರಿ ಓಡುತ್ತಿತ್ತು. ಬಾವಿಯ ಪಂಪಿನ ಫುಟ್‌ವಾಲ್ವ್ ಸೋರುತ್ತಿತ್ತು. ಪ್ರತಿ ಬಾರಿ ಪೈಪಿನ ನೀರು ಕೆಳಗಿಳಿದು, ಪಂಪು ನೀರೆತ್ತಲು ಹೆಚ್ಚು ಹೊತ್ತು ಓಡಬೇಕಾಗುತ್ತಿತ್ತು. ಈ ಎರಡು ಕಾಯಿಲೆಗಳಿಗೆ ಇಂಜಿನಿಯರ್ ಬೇಕಾಗಿರಲಿಲ್ಲ. ನೋಡುವ ಕಣ್ಣು ಬೇಕಾಗಿತ್ತು.

ತಾರಸಿಯ ಕೆಳಗಿನ ಒಲೆ

ಈಗ ಉಮ್ಮನ ಕೋಣೆಗೆ ಬರೋಣ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗ ಬಿಸಿಲು ಗೋಡೆಗಿಂತ ಛಾವಣಿಯ ಮೇಲೆ ಹೆಚ್ಚು ಬೀಳುತ್ತದೆ. ಮೋಡವಿಲ್ಲದ ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್. ನಮ್ಮ ತಾರಸಿ 600 ಚದರ ಅಡಿ, ಅಂದರೆ ಸುಮಾರು 56 ಚದರ ಮೀಟರ್. ಹೀಗೆ ನಮ್ಮ ತಲೆಯ ಮೇಲೆ 50 ಕಿಲೋವ್ಯಾಟಿಗೂ ಹೆಚ್ಚು ಶಾಖ ಬೀಳುತ್ತಿತ್ತು. 2 ಕಿಲೋವ್ಯಾಟಿನ ಇಪ್ಪತ್ತೈದು ಗೀಸರುಗಳನ್ನು ಒಟ್ಟಿಗೆ ಉರಿಸಿದ ಹಾಗೆ! ಅದೆಲ್ಲವೂ ಒಳಗೆ ಬರುವುದಿಲ್ಲ, ನಿಜ. ಆದರೆ ಮಳೆಗಾಲದ ಪಾಚಿಯಿಂದ ಕಪ್ಪಾದ ತಾರಸಿ ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ. ಹೀರಿದ ಶಾಖ ಕಾಂಕ್ರೀಟಿನ ಮೂಲಕ ನಿಧಾನವಾಗಿ ಕೆಳಗಿಳಿದು, ಹಲವು ಗಂಟೆಗಳ ನಂತರ, ನಾವು ಮಲಗುವ ಹೊತ್ತಿಗೆ ಕೋಣೆಯೊಳಗೆ ಹೊರಬರುತ್ತದೆ. ಫ್ಯಾನು ಆ ಬಿಸಿ ಚಾವಣಿಗೆ ತಾಗಿದ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಉಮ್ಮ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ನನ್ನ ಪುಸ್ತಕದಲ್ಲಿ ಇದೇ ಪಾಠ ಇತ್ತು. ನಾನು ಪರೀಕ್ಷೆಗೆ ಓದಿದ್ದೆ, ಮನೆಗೆ ಓದಿರಲಿಲ್ಲ.

ಕೇಂದ್ರ ಸರಕಾರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ 'ಇಕೋ ನಿವಾಸ್ ಸಂಹಿತೆ' ಎಂಬ ವಸತಿ ಕಟ್ಟಡಗಳ ನಿಯಮಾವಳಿ ಹೊರಡಿಸಿತು. ಛಾವಣಿಯ ಮೂಲಕ ಶಾಖ ಎಷ್ಟು ಸುಲಭವಾಗಿ ಹಾಯುತ್ತದೆ ಎಂಬುದಕ್ಕೆ ಒಂದು ಅಂಕಿಯಿದೆ. ಅದು 1.2 ಮೀರಬಾರದು ಎಂದು ಆ ಸಂಹಿತೆ ಹೇಳುತ್ತದೆ. ಬರೀ ಕಾಂಕ್ರೀಟ್ ತಾರಸಿಯಲ್ಲಿ ಅದು 3ಕ್ಕೂ ಹೆಚ್ಚು. ನೀರು ಹೀರದ, ಎರಡು ಇಂಚು ದಪ್ಪದ ಫೋಮ್ ಹಲಗೆಯನ್ನು ಮೇಲೆ ಹಾಸಿದರೆ ಅದೇ ಅಂಕಿ 0.6ರ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ.

ನಾವು ಹಾಗೆಯೇ ಮಾಡಿದೆವು. ಮೊದಲು ತಾರಸಿಯ ಬಿರುಕು ತುಂಬಿ, ನೀರು ಸೋರದಂತೆ ಲೇಪನ ಕೊಟ್ಟೆವು. ಅದರ ಮೇಲೆ ಫೋಮ್ ಹಲಗೆ, ಅದರ ಮೇಲೆ ಜಾಲರಿ ಹಾಕಿದ ತೆಳು ಕಾಂಕ್ರೀಟ್, ಎಲ್ಲಕ್ಕೂ ಮೇಲೆ ಬಿಳಿ ಟೈಲ್ಸಿನ ಚೂರು. ಇಳಿಜಾರು ಸರಿಯಾಗಿರಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ನೀರು ನಿಂತರೆ ಮಾಡಿದ್ದೆಲ್ಲ ವ್ಯರ್ಥ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ, ಆದರೆ ಪಾಚಿ ಹಿಡಿದರೆ ಅದೂ ಕಪ್ಪೇ. ಹೀಗಾಗಿ ಪ್ರತಿ ವರ್ಷ ಮಳೆ ಮುಗಿದ ಮೇಲೆ ಅದನ್ನು ಉಜ್ಜಿ ತೊಳೆಯುವ ಕೆಲಸ ಮಕ್ಕಳದು.

ಹಂಚಿನ ಮಾಡು ಮತ್ತು ನನ್ನ ಎರಡನೇ ತಪ್ಪು

1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಅಂದಿನಿಂದ ಈ ಹಂಚು ನಮ್ಮ ಕರಾವಳಿಯ ಗುರುತಾಯಿತು. ಹಂಚು ತೆಳು, ಹಗಲು ಬೇಗ ಕಾಯುತ್ತದೆ, ಆದರೆ ಸೂರ್ಯ ಮುಳುಗಿದೊಡನೆ ಬೇಗ ತಣಿಯುತ್ತದೆ. ಅದರ ಸಂದಿಯಿಂದ ಬಿಸಿಗಾಳಿ ಹೊರಹೋಗುತ್ತದೆ. ಕೆಳಗಿನ ಅಟ್ಟವೂ ಮರದ ಮುಚ್ಚಿಗೆಯೂ ಶಾಖವನ್ನು ತಡೆಯುತ್ತವೆ. ಹಿರಿಯರು ಇದನ್ನು ಯಾವ ಸಂಹಿತೆ ಓದಿಯೂ ಮಾಡಿರಲಿಲ್ಲ.

ನಾನು ಮಾತ್ರ ಹೊರದೇಶದ ಪುಸ್ತಕ ಓದಿದ ಉತ್ಸಾಹದಲ್ಲಿ, ಒಂದು ಕೋಣೆಯ ಹಂಚಿನ ಅಡಿಗೆ ಥರ್ಮೊಕೋಲ್ ಒತ್ತಿ, ಸೂರಿನ ಸಂದುಗಳನ್ನೆಲ್ಲ ಮುಚ್ಚಿ, ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿಸಿದೆ. ಬೇಸಿಗೆ ಚೆನ್ನಾಗಿಯೇ ಕಳೆಯಿತು. ಮಳೆಗಾಲ ಬಂತು. ಹಂಚಿನಿಂದ ಜಿನುಗಿದ ನೀರಿಗೆ ಒಣಗಲು ಗಾಳಿಯಿಲ್ಲ. ಸೆಪ್ಟೆಂಬರಿನಲ್ಲಿ ಬಿಚ್ಚಿ ನೋಡಿದರೆ ರೀಪಿಗೆ ಬೂಷ್ಟು, ಎರಡು ಪಕ್ಕಾಸಿಗೆ ಗೆದ್ದಲು. ಬಾಪ ಆರಿಸಿ ತಂದ ಹಲಸಿನ ಮರದ ಪಕ್ಕಾಸುಗಳವು. ಕಣ್ಣಲ್ಲಿ ನೀರು ಬಂತು. ಎಲ್ಲವನ್ನೂ ತೆಗೆಸಿದೆ. ಒಡೆದ ಹಂಚು ಬದಲಿಸಿ, ಹಂಚಿನ ಕೆಳಗೆ ಗಾಳಿಯಾಡುವಷ್ಟು ಜಾಗ ಬಿಟ್ಟು ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಟ್ಟಿಸಿದೆ. ಮಾಡಿನ ಎರಡು ತುದಿಯ ಕಿಂಡಿಗಳನ್ನು ಮತ್ತೆ ತೆರೆದು, ಇಲಿ ಬಾರದಂತೆ ಜಾಲರಿ ಹೊಡೆಸಿದೆ. ಅಡುಗೆಮನೆಯ ಮೇಲೆ ಎರಡು ಗಾಜಿನ ಹಂಚು ಹಾಕಿದ್ದರಿಂದ ಹಗಲಲ್ಲಿ ದೀಪ ಹಾಕುವ ಅಗತ್ಯ ತಪ್ಪಿತು.

ಗಾಳಿ ಮತ್ತು ನೆರಳು

ನಮ್ಮಂತಹ ಸೆಕೆ ಮತ್ತು ತೇವದ ಪ್ರದೇಶದಲ್ಲಿ ಕೋಣೆಗಳ ನೆಲದ ವಿಸ್ತೀರ್ಣದ ಆರನೇ ಒಂದು ಭಾಗದಷ್ಟಾದರೂ ತೆರೆಯಬಲ್ಲ ಕಿಟಕಿ ಬಾಗಿಲುಗಳಿರಬೇಕು ಎಂದು ಅದೇ ಸಂಹಿತೆ ಹೇಳುತ್ತದೆ. ನಮ್ಮ ಮನೆಯಲ್ಲಿ ಅಷ್ಟು ಇತ್ತು. ಆದರೆ ಕಪಾಟು ಇಟ್ಟು ಎರಡು ಕಿಟಕಿ ಮುಚ್ಚಿದ್ದೆವು. ಮೇಲಿನ ಗಾಳಿಕಿಂಡಿಗಳಿಗೆ ಸೊಳ್ಳೆಯ ಭಯದಿಂದ ರಟ್ಟು ಅಂಟಿಸಿದ್ದೆವು. ಕಪಾಟು ಸರಿಸಿದೆವು, ರಟ್ಟು ತೆಗೆದು ಸೊಳ್ಳೆಜಾಲರಿ ಹಾಕಿದೆವು. ಪಡುವಣ ಗೋಡೆಗೆ ಮೂರು ಅಡಿಯ ಹಂಚಿನ ಇಳಿಮಾಡು ಕೊಟ್ಟೆವು. ಕಿಟಕಿಯ ಒಳಗೆ ಪರದೆ ಹಾಕುವುದಕ್ಕಿಂತ ಹೊರಗೆ ನೆರಳು ಮಾಡುವುದು ಮೇಲು. ಗಾಜು ದಾಟಿ ಒಳಗೆ ಬಂದ ಬಿಸಿಲು ಪರದೆಗೆ ತಾಗಿದರೂ ಅದರ ಶಾಖ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ.

ಆಮೇಲೆ ಯಂತ್ರಗಳು

ಮನೆಯ ಮೈ ಸರಿಯಾದ ಮೇಲೆ ಯಂತ್ರಗಳ ಸರದಿ. ನಮ್ಮಲ್ಲಿ ಎಂಟು ಫ್ಯಾನುಗಳು. ಹಳೆಯ ಫ್ಯಾನು ಸುಮಾರು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್. ಎಂಟು ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ಮೊದಲು 6 ಯೂನಿಟ್, ಈಗ 2.4 ಯೂನಿಟ್. ತಿಂಗಳಿಗೆ 108 ಯೂನಿಟ್ ಉಳಿತಾಯ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಇಲ್ಲೇ ಕುಳಿತು ಮಾಡಿ ನೋಡಬಹುದು. 60 ವ್ಯಾಟಿನ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ.

100 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು 2.3 ಯೂನಿಟ್ ಬೇಕು. ಇದು ಪ್ರಕೃತಿಯ ನಿಯಮ, ಯಾವ ಕಂಪೆನಿಯ ಗೀಸರೂ ಇದನ್ನು ತಪ್ಪಿಸಲಾರದು. ಬಿಸಿಲಿನ ತಿಂಗಳುಗಳಲ್ಲಿ ಸೋಲಾರ್ ಹೀಟರ್, ಮಳೆಗಾಲದಲ್ಲಿ ಬಚ್ಚಲ ಹಂಡೆಗೆ ತೆಂಗಿನ ಸಿಪ್ಪೆ. ಹೊಗೆ ಹೋಗಲು ಸರಿಯಾದ ಚಿಮಿಣಿ ಮಾಡಿಸಿದೆವು.

ಎ.ಸಿ. ಬೇಡವೆಂದು ನಾನು ಹೇಳುವುದಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಅದು ಬೇಕಾಗಬಹುದು. ತಮ್ಮನ ಕೋಣೆಯ ಹಳೆಯ ಒಂದೂವರೆ ಟನ್ ಎ.ಸಿ. ಕೆಟ್ಟಾಗ ಒಂದು ಟನ್ನಿನ ಇನ್ವರ್ಟರ್ ಎ.ಸಿ. ಸಾಕಾಯಿತು. ಮೇಲೆ ತಾರಸಿ ತಣ್ಣಗಿದ್ದುದೇ ಕಾರಣ. ಎ.ಸಿ. ಹಾಕುವ ಆ ಒಂದು ಕೋಣೆಯ ಕಿಟಕಿಗಳನ್ನು ಮಾತ್ರ ಬಿಗಿ ಮಾಡಿಸಿದೆವು. ತಾಪವನ್ನು 24 ಡಿಗ್ರಿಗೆ ಇಟ್ಟರೆ ಸಾಕು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಸಂಸ್ಥೆಯೇ ಹೇಳಿದೆ.

ಕೊನೆಗೆ ಸೌರ ಫಲಕ

ಎಲ್ಲರೂ ಮೊದಲು ಕೇಳುವುದು ಸೋಲಾರ್ ಬಗ್ಗೆ. ನಾನು ಅದನ್ನು ಕೊನೆಗೆ ಇಟ್ಟೆ. ಸೋರುವ ಕೊಡಕ್ಕೆ ನೀರು ತುಂಬುವ ಮೊದಲು ತೂತು ಮುಚ್ಚಬೇಕು. ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ 'ಪಿಎಂ ಸೂರ್ಯ ಘರ್' ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಘೋಷಿಸಲಾಯಿತು. ನಮ್ಮ ಬೇಡಿಕೆ ಇಳಿದಿದ್ದರಿಂದ ನಮಗೆ 2 ಕಿಲೋವ್ಯಾಟ್ ಸಾಕಾಯಿತು. ಫಲಕಗಳನ್ನು ತಾರಸಿಯಿಂದ ಎತ್ತರಿಸಿ ಕೂರಿಸಿದ್ದರಿಂದ ಅದಕ್ಕೆ ನೆರಳೂ ಆಯಿತು.

ಇಲ್ಲಿ ಒಂದು ತೊಡಕು ಬಂತು. ಮೀಟರ್ ಇನ್ನೂ ತೀರಿಹೋದ ಬಾಪನ ಹೆಸರಿನಲ್ಲಿತ್ತು. ಹೆಸರು ಬದಲಿಸಲು ವಾರಸುದಾರರೆಲ್ಲರ ಒಪ್ಪಿಗೆ ಬೇಕು. ನಮ್ಮಲ್ಲಿ ಎಷ್ಟೋ ಮನೆಗಳು ಸೋರುತ್ತಾ, ಹಾಳಾಗುತ್ತಾ ನಿಂತಿರುವುದು ಹಣವಿಲ್ಲದೆ ಅಲ್ಲ, ಈ ಸಹಿಗಳಿಲ್ಲದೆ. ಉಮ್ಮ, ಅಣ್ಣ, ತಮ್ಮ, ತಂಗಿ ಎಲ್ಲರೂ ಒಂದೇ ದಿನ ಕುಳಿತು ಸಹಿ ಮಾಡಿದೆವು. ತಂಗಿ ಸಹಿ ಮಾಡುವ ಮೊದಲು, "ನನ್ನ ಪಾಲಿನ ಮಾತು ಇದರಿಂದ ಮುಗಿಯಲಿಲ್ಲ" ಎಂದಳು. ಮುಗಿಯಲಿಲ್ಲ ಎಂದು ನಾವೂ ಬರೆದುಕೊಟ್ಟೆವು. ಮನೆ ಉಳಿಸುವ ಹೆಸರಿನಲ್ಲಿ ಯಾರ ಹಕ್ಕೂ ಮುಳುಗಬಾರದು.

ಫಲ

ಈ ವರ್ಷಗಳ ಕೆಲಸದ ನಂತರ, ಸೌರ ಫಲಕ ಬರುವ ಮೊದಲೇ, ನಮ್ಮ ಏಪ್ರಿಲ್ ತಿಂಗಳ ಬಳಕೆ 386ರಿಂದ 171 ಯೂನಿಟ್‌ಗೆ ಇಳಿಯಿತು. ಅರ್ಧಕ್ಕಿಂತ ಕಡಿಮೆ. ಸೌರ ಫಲಕ ಬಿಟ್ಟು ಉಳಿದ ಕೆಲಸಕ್ಕೆ ಆದ ಖರ್ಚು, ನಾಲ್ಕು ಎ.ಸಿ. ಮತ್ತು ಅದಕ್ಕೆ ಬೇಕಾದ ಹೊಸ ವಯರಿಂಗಿಗೆ ಬಂದ ಅಂದಾಜಿನಷ್ಟೇ. ಹೊಸ ಮನೆಯ ಖರ್ಚಿನ ಒಂದು ಸಣ್ಣ ಪಾಲು. ಮೇ ತಿಂಗಳಲ್ಲಿ ಮಳೆಗೆ ಮೊದಲಿನ ಕೆಲವು ದಿನಗಳ ಸೆಕೆ ಇನ್ನೂ ಇದೆ. ತೇವದ ಗಾಳಿಯನ್ನು ಯಾವ ಹಲಗೆಯೂ ತಡೆಯುವುದಿಲ್ಲ. ಇದನ್ನು ಮುಚ್ಚಿಟ್ಟು ಹೇಳಿದರೆ ಅದು ಜಾಹೀರಾತಾದೀತು.

2023ರಲ್ಲಿ ರಾಜ್ಯ ಸರಕಾರ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗಿನ ಬಳಕೆಗೆ ರಿಯಾಯಿತಿ ತಂದಾಗ ಕೆಲವರು, "ಬಿಲ್ಲೇ ಬಾರದಿದ್ದರೆ ಉಳಿಸುವುದೇಕೆ?" ಎಂದು ಕೇಳಿದರು. ಬಿಲ್ಲು ಬಾರದಿದ್ದರೂ ವಿದ್ಯುತ್ ಎಲ್ಲಿಂದಲೋ ಬರಬೇಕು, ಯಾರೋ ಹಣ ಕೊಡಬೇಕು. ಅಲ್ಲದೆ ಉಮ್ಮನ ಕೋಣೆಯ ಸೆಕೆಗೆ ಯಾವ ಸರಕಾರವೂ ರಿಯಾಯಿತಿ ಕೊಡುವುದಿಲ್ಲ.

ಇನ್ನು ಕೆಡವುವ ವಿಚಾರ. ಪ್ರಪಂಚದಲ್ಲಿ ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ನೆಲದಿಂದ ಕಡಿದು ತೆಗೆದ ಮುರಕಲ್ಲನ್ನು ಸುಡಬೇಕಾಗಿಲ್ಲ. ನಿಂತಿರುವ ಗಟ್ಟಿ ಗೋಡೆಯನ್ನು ಮುರಿದು ಮತ್ತೆ ಸಿಮೆಂಟಿನಲ್ಲಿ ಕಟ್ಟಿ, ಅದಕ್ಕೆ 'ಹಸಿರು ಮನೆ' ಎಂದು ಬೋರ್ಡು ಹಾಕಿದರೆ ಅದು ಲೆಕ್ಕಕ್ಕೆ ಕೂಡುವುದಿಲ್ಲ. ಅಡಿಪಾಯ ಕುಸಿದ, ಗೋಡೆ ಬಿರಿದ ಮನೆಯ ಮಾತು ಬೇರೆ. ಅದನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಆದರೆ ನಾಚಿಕೆಯಿಂದ ಯಾವ ಮನೆಯನ್ನೂ ಕೆಡವಬೇಡಿ. 1996ರಲ್ಲಿ ನಾನು ಮಾಡು ಇಳಿಸಿದ್ದು ನಾಚಿಕೆಯಿಂದಲೇ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆ ನಾನು ಕೊಡುವ ಮನೆಗೆಲಸ ಮೂರೇ. ನಾಳೆಯಿಂದ ಒಂದು ವರ್ಷ ನಿಮ್ಮ ಮನೆಯ ಮೀಟರ್ ಬರೆದಿಡಿ. ಏಪ್ರಿಲಿನ ಒಂದು ರಾತ್ರಿ ಎಂಟು ಗಂಟೆಗೆ ಪ್ರತಿ ಕೋಣೆಯ ಗೋಡೆಯನ್ನು ಕೈಯಿಂದ ಮುಟ್ಟಿ, ಏಣಿ ಹತ್ತಿ ಚಾವಣಿಯನ್ನೂ ಮುಟ್ಟಿ, ಶಾಖ ಎಲ್ಲಿಂದ ಬರುತ್ತಿದೆ ಎಂದು ತಿಳಿಯಿರಿ. ಮೂರನೆಯದಾಗಿ, ಮನೆಯಲ್ಲಿ ಸರಿಯಾಗಿ ನಿದ್ದೆ ಬಾರದವರು ಯಾರು ಎಂದು ಕೇಳಿ. ಇದರಲ್ಲಿ ಆಸಕ್ತಿ ಹುಟ್ಟಿದರೆ, ಇಂಧನ ಲೆಕ್ಕಪರಿಶೋಧಕ ಎಂಬ ವೃತ್ತಿಯೇ ಇದೆ. 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಸಂಸ್ಥೆ ಅದಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಯನ್ನೂ ರೂಪಿಸಿದೆ. ನಮ್ಮ ಮಕ್ಕಳು ಅತ್ತಲೂ ನೋಡಬೇಕು.

ಉಮ್ಮನಿಗೆ ಈಗ ಎಂಬತ್ತು ದಾಟಿದೆ. ಅದೇ ಪಡುವಣ ಕೋಣೆಯಲ್ಲಿ ಮಲಗುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಕರೆಂಟು ಹೋದಾಗ ಬೀಸಣಿಗೆ ಬೇಕಾಯಿತು. ಎಲ್ಲಿಟ್ಟಿದ್ದೇನೆಂದು ಅವರಿಗೆ ನೆನಪಾಗಲಿಲ್ಲ. ಮನೆಯೆಲ್ಲ ಹುಡುಕಿದೆವು, ಸಿಗಲಿಲ್ಲ. ನನ್ನ ಪದವಿಗೆ ಸಿಕ್ಕ ಪ್ರಮಾಣಪತ್ರಗಳಲ್ಲಿ ಇದನ್ನೂ ಒಂದೆಂದು ಇಟ್ಟುಕೊಂಡಿದ್ದೇನೆ.